ಹಳೆಯ ಓಟದ ಕಾರುಗಳ ಮೂಲನಿರ್ಣಯ: ಅಮೆರಿಕದ ಹವ್ಯಾಸಿ ಸಂಶೋಧನೆಯ ಒಂದು ವಿಮರ್ಶೆ

೧

ವಿದ್ವತ್ತಿನ ಚರಿತ್ರೆಯಲ್ಲಿ ಹವ್ಯಾಸಿಗಳ ಪಾಲು ಸಣ್ಣದಲ್ಲ. ನಾಣ್ಯಗಳನ್ನು ಕೂಡಿಟ್ಟವರು, ಅಟ್ಟದ ಮೇಲಣ ಓಲೆಗರಿಯ ಕಟ್ಟುಗಳನ್ನು ಇಳಿಸಿ ಧೂಳು ಕೊಡವಿದವರು, ಹೊಲಗದ್ದೆಗಳಲ್ಲಿ ನಿಂತ ಕಲ್ಲಿನ ಬರಹವನ್ನು ಪ್ರತಿಮಾಡಿಕೊಂಡವರು, ಇವರಲ್ಲಿ ಅನೇಕರು ಬೇರೊಂದು ಉದ್ಯೋಗದಿಂದ ಹೊಟ್ಟೆ ಹೊರೆಯುತ್ತ ಬಿಡುವಿನ ವೇಳೆಯನ್ನು ಈ ಕೆಲಸಕ್ಕೆ ಮುಡಿಪಿಟ್ಟವರು. ಇಂಥವರ ಶ್ರಮವನ್ನು ವಿಶ್ವವಿದ್ಯಾನಿಲಯಗಳು ಮೊದಲು ಉದಾಸೀನದಿಂದ ಕಂಡು, ಬಳಿಕ ಅದರ ತಳಹದಿಯ ಮೇಲೆಯೇ ತಮ್ಮ ಕಟ್ಟಡಗಳನ್ನು ಎಬ್ಬಿಸಿದುದುಂಟು. ಆದುದರಿಂದ ಹವ್ಯಾಸಿ ಸಂಶೋಧನೆ ಎಲ್ಲಿ ನಡೆದರೂ, ಯಾವ ವಸ್ತುವನ್ನು ಕುರಿತು ನಡೆದರೂ, ಅದರ ಗುಣದೋಷಗಳನ್ನು ತೂಗಿ ನೋಡುವುದು ವಿಮರ್ಶಕನ ಕರ್ತವ್ಯಗಳಲ್ಲಿ ಒಂದೆಂದು ನಾವು ಭಾವಿಸುತ್ತೇವೆ.

ಪ್ರಸ್ತುತ ಲೇಖನದಲ್ಲಿ ನಾವು ಎತ್ತಿಕೊಂಡಿರುವುದು ಅಮೆರಿಕಾ ದೇಶದ ಹಳೆಯ ಪಂದ್ಯದ ಕಾರುಗಳನ್ನೂ ಅಲ್ಲಿ 'ಮಸಲ್ ಕಾರ್' ಎಂದು ಕರೆಯುವ ಕಸುವಿನ ಕಾರುಗಳನ್ನೂ ಕುರಿತು ಅಲ್ಲಿನ ಆಸಕ್ತರು ನಡೆಸಿಕೊಂಡು ಬಂದಿರುವ ಶೋಧನೆಯನ್ನು. ಮಧ್ಯಮ ಗಾತ್ರದ, ಸಾಧಾರಣ ಬೆಲೆಯ ಕಾರಿನ ಒಡಲಿನಲ್ಲಿ ದೊಡ್ಡ ಕಾರಿಗೆಂದು ತಯಾರಿಸಿದ ಎಂಜಿನ್ನನ್ನು ಕೂರಿಸಿದಾಗ ಹುಟ್ಟಿದ ಜಾತಿಯೇ ಮಸಲ್ ಕಾರ್. ೧೯೬೪ರ ಪಾಂಟಿಯಾಕ್ ಜಿಟಿಓವನ್ನು ಇದರ ಮೊದಲ ಪ್ರತಿನಿಧಿಯೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ವಿಮೆಯ ದರ ಏರಿದುದು, ೧೯೭೦ರ ವಾಯುಶುದ್ಧಿಯ ಕಾನೂನು, ೧೯೭೩ರ ತೈಲದ ಮುಗ್ಗಟ್ಟು, ಇವೆಲ್ಲ ಕೂಡಿ ಹತ್ತು ವರ್ಷ ತುಂಬುವುದರೊಳಗಾಗಿ ಈ ಜಾತಿಯನ್ನು ಮುಗಿಸಿದವು. ಅದರ ಬಾಳು ಅಲ್ಪವಾದರೂ ಅದನ್ನು ಕುರಿತ ಸಂಶೋಧನೆ ಅರ್ಧ ಶತಮಾನದಿಂದ ನಡೆದಿದೆ. ೧೯೬೯ರಲ್ಲಿ ಸೊಸೈಟಿ ಆಫ್ ಆಟೋಮೋಟಿವ್ ಹಿಸ್ಟೋರಿಯನ್ಸ್, ೧೯೭೪ರಲ್ಲಿ ನ್ಯಾಷನಲ್ ಕಾರ್ವೆಟ್ ರಿಸ್ಟೋರರ್ಸ್ ಸೊಸೈಟಿ, ೧೯೭೫ರಲ್ಲಿ ಷೆಲ್ಬಿ ಅಮೆರಿಕನ್ ಆಟೋಮೊಬೈಲ್ ಕ್ಲಬ್ ಸ್ಥಾಪಿತವಾದವು. ಇವುಗಳಲ್ಲಿ ಕಡೆಯದು ತನಗೆ ಸಂಬಂಧಿಸಿದ ಒಂದೊಂದು ಕಾರಿನ ಚರಿತ್ರೆಯನ್ನೂ ಅದರ ಸಂಖ್ಯೆಯ ಕೆಳಗೆ ದಾಖಲಿಸುವ ಬೃಹತ್ತಾದ ನೋಂದಣಿ ಗ್ರಂಥವನ್ನೇ ಹೊರತಂದಿದೆ.

ವಸ್ತು ಲಘುವೆಂದು ಕೆಲವರಿಗೆ ತೋರಬಹುದು. ವಿಧಾನ ಲಘುವಲ್ಲ. ಆ ವಿಧಾನ ಎಲ್ಲಿ ಗೆದ್ದಿದೆ, ಎಲ್ಲಿ ತನ್ನ ಪ್ರೀತಿಯ ವಸ್ತುವಿಗೆ ತಾನೇ ಕೇಡು ಬಗೆದಿದೆ ಎಂಬುದೇ ನಮ್ಮ ಪ್ರಶ್ನೆ.

೨

ಈ ಸಂಶೋಧಕರ ಮೂಲ ಪ್ರಶ್ನೆ 'ಯಾವ ಪಂದ್ಯವನ್ನು ಯಾರು ಗೆದ್ದರು' ಎಂಬುದಲ್ಲ; 'ಎದುರಿಗೆ ನಿಂತಿರುವ ಈ ಕಾರು ಆ ಕಾರೇ ಹೌದೆ' ಎಂಬುದು. ಹೊರನೋಟಕ್ಕೆ ಸುಲಭವೆಂದು ತೋರುವ ಈ ಪ್ರಶ್ನೆ ಎಷ್ಟು ತೊಡಕಿನದೆಂಬುದಕ್ಕೆ ಮೇಲೆ ಹೇಳಿದ ಜಿಟಿಓವೇ ನಿದರ್ಶನ. ಮಧ್ಯಮ ಗಾತ್ರದ ಕಾರುಗಳಲ್ಲಿ ೩೩೦ ಘನ ಅಂಗುಲಗಳಿಗೆ ಮೀರಿದ ಎಂಜಿನ್ನನ್ನು ಇಡಕೂಡದೆಂದು ಜನರಲ್ ಮೋಟರ್ಸ್ ಸಂಸ್ಥೆಯ ಒಳನಿಯಮವಿದ್ದಿತು. ಅದರ ಅಂಗವಾದ ಪಾಂಟಿಯಾಕ್ ವಿಭಾಗದ ಎಂಜಿನಿಯರುಗಳು, ಅವರಲ್ಲಿ ಮುಖ್ಯನಾದ ಜಾನ್ ಡಿಲೋರಿಯನ್, ೩೮೯ ಘನ ಅಂಗುಲದ ಎಂಜಿನ್ನನ್ನು ಹೊಸ ಕಾರೆಂದು ಸಾರದೆ, ಲೆಮಾನ್ಸ್ ಎಂಬ ಕಾರಿಗೆ ಗಿರಾಕಿಯು ಬೇಕಾದರೆ ಕೇಳಿ ಪಡೆಯಬಹುದಾದ ಒಂದು ಹೆಚ್ಚಿನ ಜೋಡಣೆಯೆಂದು ಮಾರಾಟದ ಪಟ್ಟಿಗೆ ಸೇರಿಸಿಬಿಟ್ಟರು. ಮೊದಲ ವರ್ಷದಲ್ಲೇ ೩೨,೪೫೦ ಕಾರುಗಳು ಮಾರಾಟವಾದವು. ಆದರೆ ಈ ಉಪಾಯದ ಫಲವಾಗಿ ೧೯೬೪, ೧೯೬೫ರ ಜಿಟಿಓವಿನ ಮೇಲಿರುವ ಸಂಖ್ಯೆ ಅದನ್ನು ಸಾಮಾನ್ಯ ಲೆಮಾನ್ಸ್ ಎಂದಷ್ಟೇ ಹೇಳುತ್ತದೆ. ಸಾಮಾನ್ಯ ಲೆಮಾನ್ಸ್ ಒಂದಕ್ಕೆ ಅದೇ ಎಂಜಿನ್ನನ್ನೂ ಅದೇ ಲಾಂಛನಗಳನ್ನೂ ಹೊಂದಿಸಿ ನಿಲ್ಲಿಸಿದರೆ ಸಂಖ್ಯೆಯಿಂದ ಭೇದ ತಿಳಿಯದು. ೧೯೬೬ರಲ್ಲಿ ಅದು ಪ್ರತ್ಯೇಕ ಮಾದರಿಯಾದ ಮೇಲೆ ಮಾತ್ರ ಸಂಖ್ಯೆಯೇ ಸಾಕ್ಷಿ ನುಡಿಯತೊಡಗಿತು.

ಸಂಖ್ಯೆ ಮೌನವಾದಲ್ಲಿ ಸಂಶೋಧಕನು ದಾಖಲೆಗಳನ್ನು ಅರಸಬೇಕು. ಇಲ್ಲಿ ಒಂದೊಂದು ಕಂಪನಿಯ ಹಣೆಬರಹ ಒಂದೊಂದು ಬಗೆಯದು. ಪಾಂಟಿಯಾಕ್ ವಿಭಾಗದ ಮಾರಾಟದ ಲೆಕ್ಕಪತ್ರಗಳು ಉಳಿದು ಬಂದುದರಿಂದ ಆ ಕಾರುಗಳ ವಿಷಯದಲ್ಲಿ ವಿವಾದ ಬೇಗ ತೀರುತ್ತದೆ. ಫೋರ್ಡ್ ಕಂಪನಿಯ ೧೯೬೭ರಿಂದೀಚಿನ ಉತ್ಪಾದನೆಯ ದಾಖಲೆಗಳು ಪರವಾನಗಿ ಪಡೆದ ಸಂಸ್ಥೆಯೊಂದರ ಮೂಲಕ ದೊರೆಯುತ್ತವೆ. ಆ ಕಾಲದ ಷೆವರ್ಲೆ ಕಾರುಗಳಿಗೆ ಈ ಭಾಗ್ಯವಿಲ್ಲ: ಕೆನಡಾಕ್ಕೆ ಹೋಗಿ ಮಾರಾಟವಾದವುಗಳ ದಾಖಲೆ ಉಳಿದಿದೆ, ತಾಯ್ನಾಡಿನಲ್ಲೇ ಮಾರಾಟವಾದವುಗಳದು ಬಹುಮಟ್ಟಿಗೆ ಉಳಿದಿಲ್ಲ. ಕ್ರೈಸ್ಲರ್ ಕಾರುಗಳ ವಿಷಯ ಇನ್ನೂ ಸ್ವಾರಸ್ಯವಾದುದು. ಜೋಡಣೆಯ ಸಾಲಿನಲ್ಲಿ ಯಾವ ಕಾರಿಗೆ ಯಾವ ಭಾಗ ಎಂದು ಕೆಲಸಗಾರರಿಗೆ ತಿಳಿಸಲು ಒಂದು ಹಾಳೆ ಸಾಗುತ್ತಿತ್ತು. ಕೆಲಸ ಮುಗಿದ ಮೇಲೆ ಅದು ಕಸ. ಆ ಕಸ ಎಷ್ಟೋ ಕಾರುಗಳಲ್ಲಿ ಆಸನದ ಸ್ಪ್ರಿಂಗುಗಳ ನಡುವೆ, ನೆಲಹಾಸಿನ ಕೆಳಗೆ, ಪೆಟ್ರೋಲ್ ಟ್ಯಾಂಕಿನ ಮೇಲೆ ಉಳಿದುಕೊಂಡಿತು. ಇಲಿ ಕಡಿದು ತುಕ್ಕು ಹಿಡಿದ ಆ ಹಾಳೆಯನ್ನು ಹವ್ಯಾಸಿಯು ಬಿಡಿಸಿ ಓದುವ ಎಚ್ಚರಿಕೆ ಶಿಥಿಲವಾದ ಹಸ್ತಪ್ರತಿಯನ್ನು ಬಿಡಿಸುವವನ ಎಚ್ಚರಿಕೆಗೆ ಕಡಮೆಯಾದುದಲ್ಲ.

ದಾಖಲೆಯೂ ಇಲ್ಲದಾಗ ಲೋಹವನ್ನೇ ಓದಬೇಕು. ಕಾರಿನ ಸಂಖ್ಯೆಯ ಕಡೆಯ ಅಂಕಿಗಳನ್ನು ಎಂಜಿನ್ನಿನ ಮೇಲೂ ಒತ್ತುವ ಪದ್ಧತಿ ಇದ್ದುದರಿಂದ, ಎರಡೂ ಹೊಂದಿದರೆ ಎಂಜಿನ್ ಆ ಕಾರಿನೊಡನೆ ಹುಟ್ಟಿದುದೆಂದು ನಿರ್ಣಯಿಸುತ್ತಾರೆ. ಇಂಥ ಕಾರಿಗೆ ಬೆಲೆ ಹೆಚ್ಚು. ಬೆಲೆ ಹೆಚ್ಚಾದಲ್ಲಿ ಕಪಟವೂ ಹುಟ್ಟುತ್ತದೆ: ಬೇರೊಂದು ಎಂಜಿನ್ನಿನ ಅಂಕಿಗಳನ್ನು ಉಜ್ಜಿ ತೆಗೆದು ಬೇಕಾದ ಅಂಕಿಗಳನ್ನು ಒತ್ತುವವರು ಬಂದರು. ಇದಕ್ಕೆ ಪ್ರತಿಯಾಗಿ ಸಂಶೋಧಕರು ಕಂಡುಕೊಂಡ ಪರೀಕ್ಷೆ ಮೆಚ್ಚತಕ್ಕದ್ದು. ಷೆವರ್ಲೆ ಕಾರ್ಖಾನೆಯಲ್ಲಿ ಎಂಜಿನ್ನಿನ ಮೇಲ್ಮೈಯನ್ನು ಸಮಮಾಡುತ್ತಿದ್ದ ಯಂತ್ರ ಲೋಹದ ಮೇಲೆ ನವುರಾದ ಸಮಾಂತರ ಗೀರುಗಳನ್ನು ಬಿಡುತ್ತಿತ್ತು. ಅಂಕಿಗಳನ್ನು ಒತ್ತಿದುದು ಆ ಗೀರುಗಳ ಮೇಲೆ. ಅಂಕಿಗಳನ್ನು ಉಜ್ಜಿದಾಗ ಗೀರುಗಳೂ ಅಳಿಯುತ್ತವೆ. ಆದುದರಿಂದ ಅಂಕಿಯನ್ನು ನೋಡುವುದಕ್ಕೆ ಮೊದಲು ಅಂಕಿಯ ಅಡಿಯಲ್ಲಿರುವ ನೆಲವನ್ನು ನೋಡಬೇಕೆಂಬುದು ಅವರ ಸೂತ್ರ. ಕೂಟಶಾಸನಗಳನ್ನು ಅಕ್ಷರದ ರೂಪದಿಂದಲೂ ತಾಮ್ರಪಟದ ಲಕ್ಷಣದಿಂದಲೂ ಹಿಡಿದುಕೊಡುವ ಶಾಸನಜ್ಞನು ಈ ಸೂತ್ರವನ್ನು ತನ್ನದೆಂದೇ ಒಪ್ಪಿಯಾನು.

೩

ಲಿಖಿತ ಸಾಕ್ಷ್ಯವನ್ನು ಅನುಮಾನದಿಂದ ನೋಡುವ ಗುಣವೂ ಈ ಸಂಶೋಧಕರಲ್ಲಿ ಬೆಳೆದಿದೆ. 'ಕಾರ್ ಅಂಡ್ ಡ್ರೈವರ್' ಪತ್ರಿಕೆಯ ೧೯೬೪ರ ಮಾರ್ಚ್ ಸಂಚಿಕೆಯ ಮುಖಚಿತ್ರದಲ್ಲಿ ಪಾಂಟಿಯಾಕಿನ ಜಿಟಿಓವೂ ಅದೇ ಹೆಸರಿನ ಇಟಲಿಯ ಫೆರಾರಿಯೂ ಒಂದನ್ನೊಂದು ಬೆನ್ನಟ್ಟುತ್ತಿರುವಂತೆ ಚಿತ್ರಿಸಿದ್ದಿತು. ಈ ಸಂಚಿಕೆಯೇ ಅಮೆರಿಕದ ಕಾರಿನ ಕೀರ್ತಿಗೆ ಅಡಿಗಲ್ಲು. ಆದರೆ ಆ ಚಿತ್ರ ಕೈಯಿಂದ ಬರೆದ ಕಲ್ಪನೆ. ಎರಡು ಕಾರುಗಳನ್ನು ಪರಸ್ಪರ ಎದುರಾಗಿ ಓಡಿಸಿದುದೇ ಇಲ್ಲ. ಅಷ್ಟೇ ಅಲ್ಲದೆ, ಪತ್ರಿಕೆಯವರು ವೇಗವನ್ನು ಅಳೆದ ಪಾಂಟಿಯಾಕಿನಲ್ಲಿದ್ದುದು ೩೮೯ ಘನ ಅಂಗುಲದ ಎಂಜಿನ್ನಲ್ಲ, ೪೨೧ರದು. ಪ್ರಚಾರದ ಹೊಣೆ ಹೊತ್ತಿದ್ದ ಜಿಮ್ ವ್ಯಾಂಗರ್ಸ್ ತಾನೇ ಈ ಗುಟ್ಟನ್ನು ಮೂರು ದಶಕಗಳ ಮೇಲೆ ತನ್ನ ಆತ್ಮಕಥನದಲ್ಲಿ ಒಪ್ಪಿಕೊಂಡನು. ಸಮಕಾಲೀನ ಸಾಕ್ಷ್ಯವೆಲ್ಲ ಸತ್ಯವಲ್ಲವೆಂಬ ಪಾಠಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಬೇಕಿಲ್ಲ.

ಅಧಿಕೃತವೆನಿಸಿದ ಪಟ್ಟಿಗಳ ಗತಿಯೂ ಹೀಗೆಯೇ. ಅಮೆರಿಕನ್ ಆಟೋಮೊಬೈಲ್ ಅಸೋಸಿಯೇಷನ್ನಿನ ರಾಷ್ಟ್ರೀಯ ಚಾಂಪಿಯನ್ನರ ಪಟ್ಟಿಯಲ್ಲಿ ೧೯೧೬ರ ಡೇರಿಯೊ ರೆಸ್ಟಾ ಆ ವರ್ಷವೇ ಅಂಕಗಳ ಲೆಕ್ಕದಿಂದ ಗೆದ್ದವನು. ಆದರೆ ೧೯೦೯ರಿಂದ ೧೯೧೫ರ ವರೆಗಿನ ಹೆಸರುಗಳು ಎಷ್ಟೋ ವರ್ಷಗಳ ಮೇಲೆ ಹಿಂದಣ ಪಂದ್ಯಗಳಿಗೆ ಅಂಕಗಳನ್ನು ಕಟ್ಟಿ ಸೇರಿಸಿದವು. ೧೯೨೦ರ ಸಾಲಿನಲ್ಲಂತೂ, ಆ ವರ್ಷ ಇಂಡಿಯಾನಾಪೊಲಿಸ್ ಪಂದ್ಯವನ್ನು ಗೆದ್ದು ಅದೇ ವರ್ಷದ ನವೆಂಬರಿನಲ್ಲಿ ಪಂದ್ಯದ ಹಾದಿಯಲ್ಲೇ ಮಡಿದ ಗ್ಯಾಸ್ಟನ್ ಷೆವರ್ಲೆಯ ಹೆಸರಿಗೆ ಬದಲಾಗಿ ಟಾಮಿ ಮಿಲ್ಟನ್ನನ ಹೆಸರನ್ನು ಕೊಟ್ಟ ಪಟ್ಟಿಗಳೂ ಹರಡಿದವು. ಹಳೆಯ ವೃತ್ತಪತ್ರಿಕೆಗಳನ್ನು ಒಂದೊಂದಾಗಿ ತಿರುವಿ ಈ ಪ್ರಕ್ಷಿಪ್ತಗಳನ್ನು ಬೇರ್ಪಡಿಸಿದವರು ಹವ್ಯಾಸಿಗಳೇ.

ಇದು ಬರಿಯ ಅಂಕಿಗಳ ಚರ್ಚೆಯಲ್ಲವೆಂಬುದನ್ನು ವೆಂಡೆಲ್ ಸ್ಕಾಟನ ಪ್ರಕರಣ ತೋರಿಸುತ್ತದೆ. ೧೯೬೩ರ ಡಿಸೆಂಬರ್ ೧ರಂದು ಫ್ಲಾರಿಡಾ ಪ್ರಾಂತದ ಜಾಕ್ಸನ್‌ವಿಲ್ಲಿನಲ್ಲಿ ನಡೆದ ನಾಸ್ಕಾರ್ ಪಂದ್ಯದಲ್ಲಿ ಕರಿಯ ಜನಾಂಗದವನಾದ ಸ್ಕಾಟ್ ಎಲ್ಲರಿಗಿಂತ ಮುಂದಿದ್ದನು. ಆದರೂ ಬಕ್ ಬೇಕರನನ್ನು ವಿಜೇತನೆಂದು ಸಾರಿ ಪಾರಿತೋಷಕವನ್ನು ಅವನ ಕೈಗೆ ಕೊಟ್ಟರು. ಕೆಲವು ಗಂಟೆಗಳ ಮೇಲೆ, ಜನ ಚೆದರಿಹೋದ ಬಳಿಕ, ಲೆಕ್ಕ ತಪ್ಪಿತೆಂದು ಒಪ್ಪಿ ಗೆಲುವನ್ನು ಸ್ಕಾಟನ ಹೆಸರಿಗೆ ಬರೆದರು. ಪಾರಿತೋಷಕ ಮಾತ್ರ ಅವನಿಗೆ ಬರಲಿಲ್ಲ. ಅವನು ೧೯೯೦ರಲ್ಲಿ ತೀರಿಕೊಂಡನು. ನಾಸ್ಕಾರ್ ಸಂಸ್ಥೆ ಆ ಗೆಲುವಿನ ಪಾರಿತೋಷಕವನ್ನು ಅವನ ಮನೆಯವರಿಗೆ ಒಪ್ಪಿಸಿದುದು ೨೦೨೧ರಲ್ಲಿ. ಯಾವ ಸುತ್ತಿನಲ್ಲಿ ಯಾರು ಮುಂದಿದ್ದರು ಎಂಬ ಕ್ಷುದ್ರವಾದ ಪ್ರಶ್ನೆಯ ಹಿಂದೆ ನ್ಯಾಯದ ಪ್ರಶ್ನೆಯೇ ನಿಂತಿರಬಹುದು.

೪

ಇಷ್ಟರ ವರೆಗೆ ಮೆಚ್ಚುಗೆಯನ್ನಷ್ಟೇ ಹೇಳಿದೆವು. ಇನ್ನು ಆಕ್ಷೇಪಗಳನ್ನು ಹೇಳಬೇಕಾಗಿದೆ. ಅವು ಎರಡು.

ಮೊದಲನೆಯದು 'ಮೂಲ' ಎಂಬ ಕಲ್ಪನೆಯನ್ನು ಕುರಿತದ್ದು. ಈ ಸಂಶೋಧಕರಲ್ಲಿ ಬಹುಮಂದಿಗೆ ಕಾರಿನ ಮೂಲರೂಪವೆಂದರೆ ಅದು ಕಾರ್ಖಾನೆಯ ಬಾಗಿಲನ್ನು ದಾಟಿದ ಕ್ಷಣದ ರೂಪ. ಅದಕ್ಕೆ ಮುಂದೆ ಸೇರಿದುದೆಲ್ಲ ಕಲ್ಮಷ. ಅದನ್ನು ತೊಳೆದು ಆ ಕ್ಷಣವನ್ನು ಮರಳಿ ತರುವುದೇ ಜೀರ್ಣೋದ್ಧಾರ. ಕವಿಯ ಕೈಬರಹ ನಷ್ಟವಾದಾಗ ಸಂಪಾದಕನು ಪಾಠಾಂತರಗಳನ್ನು ಹಿಡಿದು ಕವಿಪಾಠದ ಕಡೆಗೆ ನಡೆಯುವುದನ್ನು ಇದು ಹೋಲುತ್ತದೆ. ಆದರೆ ಹೋಲಿಕೆ ಒಂದೆಡೆ ಮುರಿಯುತ್ತದೆ. ಗ್ರಂಥಸಂಪಾದಕನು ಶುದ್ಧಪಾಠವನ್ನು ಬೇರೆ ಕಾಗದದ ಮೇಲೆ ಅಚ್ಚುಹಾಕಿಸುತ್ತಾನೆ. ಓಲೆಗರಿ ಇದ್ದಂತೆ ಇರುತ್ತದೆ. ನಾಳೆ ಬರುವ ಪಂಡಿತನು ಅದನ್ನು ಮತ್ತೆ ತೆರೆದು ಅವನ ನಿರ್ಣಯವನ್ನು ತಿದ್ದಬಹುದು. ಕಾರಿನ ಜೀರ್ಣೋದ್ಧಾರಕನು ತನ್ನ ಶುದ್ಧಪಾಠವನ್ನು ಬರೆಯುವುದು ಆ ಓಲೆಗರಿಯ ಮೇಲೆಯೇ, ಹಳೆಯ ಅಕ್ಷರಗಳನ್ನು ಕೆರೆದು ಹಾಕಿ. ಅವನು ತಪ್ಪಿದರೆ ತಿದ್ದಲು ಸಾಧನವಿಲ್ಲ.

ಪಂದ್ಯದ ಕಾರಿನ ವಿಷಯದಲ್ಲಿ ಈ ದೋಷ ಇನ್ನೂ ಎದ್ದು ಕಾಣುತ್ತದೆ. ಪಂದ್ಯದ ಕಾರಿನ ಬಾಳೆಂದರೆ ಬದಲಾವಣೆಯೇ. ಎಂಜಿನ್ ಒಡೆದಾಗ ಬೇರೆಯದನ್ನು ಇಟ್ಟರು. ಮುಂಭಾಗ ಜಜ್ಜಿದಾಗ ರಾತ್ರೋರಾತ್ರಿ ಹೊಸ ತಗಡು ಬಡಿದರು. ಗಾಳಿ ಸಾಲದೆಂದು ಅಲ್ಲಲ್ಲಿ ಕಂಡಿ ಕೊರೆದರು. ಎಷ್ಟೋ ಪಂದ್ಯಗಳಲ್ಲಿ ಓಡಿದ ಕಾರೊಂದರಲ್ಲಿ ಎಂಜಿನ್ನಿನ ಸಂಖ್ಯೆ ಮೊದಲ ದಿನದ ಸಂಖ್ಯೆಯೊಡನೆ ಹೊಂದಿದರೆ ಅದನ್ನು ನಂಬುವುದಕ್ಕಿಂತ ಶಂಕಿಸುವುದೇ ಯುಕ್ತ. ಬೀದಿಯ ಕಾರಿಗೆ ಸಲ್ಲುವ ಅಳತೆಗೋಲು ಪಂದ್ಯದ ಕಾರಿಗೆ ಸಲ್ಲದು.

೧೯೬೮ರ 'ಬುಲಿಟ್' ಚಲನಚಿತ್ರದಲ್ಲಿ ನಟ ಸ್ಟೀವ್ ಮೆಕ್ವೀನ್ ಓಡಿಸಿದ ಹಸಿರು ಮಸ್ಟಾಂಗ್ ಪಂದ್ಯದ ಕಾರಲ್ಲ, ಬೀದಿಯ ಕಾರು. ಆದರೂ ನಮ್ಮ ಮಾತಿಗೆ ಒಳ್ಳೆಯ ಆಧಾರ. ಚಿತ್ರಕ್ಕಾಗಿ ತಂದುದು ಸಂಖ್ಯೆಯಲ್ಲಿ ಒಂದರ ಪಕ್ಕ ಒಂದು ಬರುವ ಎರಡು ಕಾರುಗಳನ್ನು. ಒಂದು ಬಹುಕಾಲ ಕಣ್ಮರೆಯಾಗಿದ್ದು ೨೦೧೭ರಲ್ಲಿ ಮೆಕ್ಸಿಕೋವಿನಲ್ಲಿ ಸಿಕ್ಕಿತು. ಇನ್ನೊಂದನ್ನು ೧೯೭೪ರಲ್ಲಿ ಒಂದು ಕುಟುಂಬ ೬,೦೦೦ ಡಾಲರುಗಳಿಗೆ ಕೊಂಡು, ಕೆಲವು ಕಾಲ ಮನೆಬಳಕೆಗೆ ಓಡಿಸಿ, ಬಳಿಕ ಸದ್ದಿಲ್ಲದೆ ಇಟ್ಟುಕೊಂಡಿತ್ತು. ೨೦೧೮ರಲ್ಲಿ ಲೋಕಕ್ಕೆ ತೋರಿಸಿತು. ಅದರ ಬಣ್ಣ ಮಾಸಿತ್ತು, ಮೈ ತರಚಿತ್ತು. ಅಡಿಭಾಗದಲ್ಲಿ ಕ್ಯಾಮೆರಾಗಳನ್ನು ನಿಲ್ಲಿಸಲು ಬೆಸೆದಿದ್ದ ಆಧಾರಗಳ ಕುರುಹು ಇನ್ನೂ ಇತ್ತು. ಕಾರ್ಖಾನೆಯ ಕ್ಷಣವೇ ಮೂಲವೆಂದು ನಂಬಿದ ಕುಶಲನೊಬ್ಬನ ಕೈಗೆ ಇದು ಮೊದಲೇ ಸಿಕ್ಕಿದ್ದರೆ, ಆ ಬೆಸುಗೆಯನ್ನು ಕಲ್ಮಷವೆಂದು ಉಜ್ಜಿ, ಹೊಳೆಯುವ ಹಸಿರು ಬಣ್ಣವನ್ನು ಬಳಿದು, ಆ ವರ್ಷದ ಸಾವಿರಾರು ಮಸ್ಟಾಂಗುಗಳಲ್ಲಿ ಒಂದನ್ನಾಗಿ ಮಾಡಿ ನಿಲ್ಲಿಸುತ್ತಿದ್ದನು. ೨೦೨೦ರ ಜನವರಿಯ ಹರಾಜಿನಲ್ಲಿ ಅದು ೩೭ ಲಕ್ಷ ೪೦ ಸಾವಿರ ಡಾಲರುಗಳಿಗೆ ಹೋಯಿತು. ಈ ಬೆಲೆಯನ್ನು ನಾವು ಪ್ರಮಾಣವಾಗಿ ಹೇಳುತ್ತಿಲ್ಲ. ಆದರೆ ಗಾಯದ ಗುರುತೇ ಗುರುತೆಂಬುದನ್ನು ಮಾರುಕಟ್ಟೆಯೂ ಆ ದಿನ ಒಪ್ಪಿತೆಂಬುದು ಗಮನಾರ್ಹ.

೫

ಎರಡನೆಯ ಆಕ್ಷೇಪ ಮೌನವನ್ನು ಕುರಿತದ್ದು. ಈಚಿನ ದಶಕಗಳಲ್ಲಿ ಜೀರ್ಣೋದ್ಧಾರದ ಸೂಕ್ಷ್ಮತೆ ಎಲ್ಲಿಗೆ ಮುಟ್ಟಿದೆಯೆಂದರೆ, ಜೋಡಣೆಯ ಸಾಲಿನಲ್ಲಿ ತಪಾಸಣೆ ಮಾಡಿದವನು ಸೀಮೆಸುಣ್ಣದಿಂದಲೋ ಬಣ್ಣದಿಂದಲೋ ಎಳೆದ ಗೆರೆಗಳನ್ನೂ, ಅವಸರದಲ್ಲಿ ಸೋರಿದ ಬಣ್ಣದ ಹನಿಗಳನ್ನೂ ಹಾಗೆಯೇ ಮರಳಿ ಬರೆಯುತ್ತಾರೆ. ಆ ಗೆರೆ ಯಾವ ಕಡೆಗೆ ಓರೆಯಾಗಿತ್ತು ಎಂಬುದನ್ನು ಕುರಿತು ವಾದಗಳು ನಡೆಯುತ್ತವೆ. ಅದನ್ನು ಎಳೆದ ಕೈ ಯಾರದು, ಆ ಅವಸರ ಏಕೆ ಎಂಬ ಪ್ರಶ್ನೆ ಬಹುಮಟ್ಟಿಗೆ ಏಳುವುದೇ ಇಲ್ಲ.

ಒಂದು ಉದಾಹರಣೆಯನ್ನು ಕೊಡಬಹುದು. ೧೯೭೧ರ ಪ್ಲಿಮತ್ ಹೆಮಿ ಕೂಡಾ ಎಂಬ, ಮೇಲ್ಛಾವಣಿಯನ್ನು ಮಡಿಸಬಹುದಾದ ಕಾರು ಈ ಸಂಶೋಧಕರ ಕಣ್ಣಿನಲ್ಲಿ ರತ್ನ. ಅಂಥದೊಂದು ೨೦೧೪ರಲ್ಲಿ ಸಿಯಾಟಲ್ ನಗರದ ಹರಾಜಿನಲ್ಲಿ ೩೫ ಲಕ್ಷ ಡಾಲರುಗಳಿಗೆ ಮಾರಾಟವಾಯಿತು. ಎಷ್ಟು ತಯಾರಾದವು, ಯಾವುದಕ್ಕೆ ಯಾವ ಬಣ್ಣ, ಯಾವುದು ಯಾವ ದೇಶಕ್ಕೆ ಹೋಯಿತು ಎಂಬುದೆಲ್ಲವನ್ನೂ ಅವರು ಬಲ್ಲರು. ಇವು ಹುಟ್ಟಿದುದು ಡೆಟ್ರಾಯಿಟಿನಿಂದ ಸುತ್ತುವರಿದ ಹ್ಯಾಮ್‌ಟ್ರಾಮಿಕ್ ಎಂಬ ಊರಿನ ಕಾರ್ಖಾನೆಯಲ್ಲಿ. ಅದೇ ಕಾರ್ಖಾನೆಯಲ್ಲಿ ೧೯೬೮ರ ಮೇ ತಿಂಗಳಲ್ಲಿ ಜೋಡಣೆಯ ಸಾಲಿನ ವೇಗವನ್ನು ಹೆಚ್ಚಿಸಿದುದನ್ನು ಪ್ರತಿಭಟಿಸಿ ಕೆಲಸಗಾರರು ಮುಷ್ಕರ ಹೂಡಿದ್ದರು. ಅದರಿಂದಲೇ ಕರಿಯ ಕಾರ್ಮಿಕರ 'ಡಾಜ್ ರೆವಲ್ಯೂಷನರಿ ಯೂನಿಯನ್ ಮೂವ್‌ಮೆಂಟ್' ಎಂಬ ಸಂಘಟನೆ ಹುಟ್ಟಿತು. ೧೯೮೦ರಲ್ಲಿ ಆ ಕಾರ್ಖಾನೆ ಮುಚ್ಚಿತು. ಬಳಿಕ ಕಟ್ಟಡವನ್ನೂ ಕೆಡವಿದರು. ಕಾರ್ಮಿಕ ಚಳವಳಿಯ ಚರಿತ್ರಕಾರರು ಈ ಮುಷ್ಕರವನ್ನು ಬಲ್ಲರು, ಕಾರನ್ನು ಬಲ್ಲವರಲ್ಲ. ಕಾರಿನ ಚರಿತ್ರಕಾರರು ಕಾರನ್ನು ಬಲ್ಲರು, ಮುಷ್ಕರವನ್ನು ಎಣಿಕೆಗೆ ತರುವುದಿಲ್ಲ. ಆಸನದಡಿಯ ಹಾಳೆಯನ್ನು ಅಲ್ಲಿ ಬಿಟ್ಟವನು ಈ ಇಬ್ಬರ ನಡುವೆ ಕಳೆದುಹೋಗಿದ್ದಾನೆ. ಆ ಸಾಲಿನಲ್ಲಿ ದುಡಿದವರಲ್ಲಿ ಇಂದು ಬದುಕಿರುವವರೆಲ್ಲ ವೃದ್ಧರು. ಲೋಹ ಇನ್ನೂ ನೂರು ವರ್ಷ ಕಾಯಬಲ್ಲದು. ಮನುಷ್ಯನ ನೆನಪು ಕಾಯಲಾರದು.

ಇಲ್ಲಿ ಹವ್ಯಾಸಿಗಳ ಪರವಾಗಿ ಒಂದು ಸಮಾಧಾನವನ್ನು ಹೇಳಬಹುದು: ತಮ್ಮ ಹಣ, ತಮ್ಮ ವೇಳೆಯನ್ನು ವೆಚ್ಚಮಾಡಿ ಒಂದು ಕಾರನ್ನು ಉಳಿಸಿದವರ ಮೇಲೆ ಸಮಾಜಚರಿತ್ರೆಯ ಭಾರವನ್ನೂ ಹೊರಿಸುವುದು ನ್ಯಾಯವೆ? ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ಅವರು ಉಳಿಸದಿದ್ದರೆ ನಾವು ವಿಮರ್ಶಿಸಲು ವಸ್ತುವೇ ಇರುತ್ತಿರಲಿಲ್ಲ. ಆ ಕಾರುಗಳು ಎಂದೋ ಗುಜರಿಗೆ ಹೋಗುತ್ತಿದ್ದವು. ಆದರೆ ಸಂಶೋಧನೆಯೆಂಬ ಹೆಸರನ್ನು ಒಮ್ಮೆ ಪಡೆದ ಮೇಲೆ ಅದರ ಧರ್ಮವನ್ನೂ ಒಪ್ಪಬೇಕಾಗುತ್ತದೆ. ಸಾಕ್ಷ್ಯವನ್ನು ಕೆಡಿಸದಿರುವುದು ಆ ಧರ್ಮದ ಮೊದಲ ವಿಧಿ. ಸಾಕ್ಷ್ಯ ಹೇಳುವುದನ್ನೆಲ್ಲ ಕೇಳುವುದು ಎರಡನೆಯದು.

೬

ಈ ಧರ್ಮವನ್ನು ಪಾಲಿಸಿದವರು ಇಲ್ಲದಿಲ್ಲ. ಪೀಟರ್ ಬ್ರಾಕ್ ರೂಪಿಸಿದ ಷೆಲ್ಬಿ ಕೋಬ್ರಾ ಡೇಟೋನಾ ಕೂಪೆ ಕಾರುಗಳು ಒಟ್ಟು ಆರು. ಅವುಗಳ ಬಲದಿಂದ ೧೯೬೫ರಲ್ಲಿ ಅಮೆರಿಕದ ತಂಡವೊಂದು ಜಿಟಿ ವರ್ಗದ ಅಂತರರಾಷ್ಟ್ರೀಯ ಚಾಂಪಿಯನ್‌ಷಿಪ್ಪನ್ನು ಗೆದ್ದಿತು. ಆರರಲ್ಲಿ ಮೊದಲನೆಯದು, ಸಿಎಸ್‌ಎಕ್ಸ್ ೨೨೮೭ ಎಂಬ ಸಂಖ್ಯೆಯದು, ಅದೇ ವರ್ಷದ ನವೆಂಬರಿನಲ್ಲಿ ಬಾನ್‌ವಿಲ್ಲಿನ ಉಪ್ಪಿನ ಬಯಲಿನಲ್ಲಿ ವೇಗದ ದಾಖಲೆಗಳನ್ನು ಮಾಡಿ, ಮುಂದೆ ಕೈಯಿಂದ ಕೈಗೆ ಹೋಗಿ, ದಶಕಗಳ ಕಾಲ ಕತ್ತಲ ಕೋಣೆಯಲ್ಲಿ ಬಿದ್ದಿದ್ದಿತು. ಕಡೆಗೆ ಅದು ಫಿಲಡೆಲ್ಫಿಯಾದ ಸಿಮಿಯೋನ್ ವಸ್ತುಸಂಗ್ರಹಾಲಯವನ್ನು ಸೇರಿತು. ಅದರ ಸ್ಥಾಪಕ ಫ್ರೆಡರಿಕ್ ಸಿಮಿಯೋನ್ ವೃತ್ತಿಯಲ್ಲಿ ನರರೋಗಗಳ ಶಸ್ತ್ರವೈದ್ಯ. ಚಾರಿತ್ರಿಕ ಕಾರನ್ನು ಹೊಸದರಂತೆ ಮಾಡುವುದು ಅದರ ಚರಿತ್ರೆಯನ್ನು ಅಳಿಸಿದಂತೆ ಎಂಬ ಪಕ್ಷವನ್ನು ಹಿಡಿದು ೨೦೧೨ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದವನು, ೨೦೨೨ರಲ್ಲಿ ತೀರಿಕೊಂಡನು. ೨೦೧೪ರಲ್ಲಿ ಹಿಸ್ಟಾರಿಕ್ ವೆಹಿಕಲ್ ಅಸೋಸಿಯೇಷನ್ ಎಂಬ ಸಂಘ ಅಮೆರಿಕಾ ಸರ್ಕಾರದ ಒಳಾಡಳಿತ ಇಲಾಖೆಯೊಡನೆ ಕೂಡಿ ಈ ಕಾರನ್ನು ಅಳೆದು, ಚಿತ್ರಿಸಿ, ಅದರ ವೃತ್ತಾಂತವನ್ನು ಬರೆಯಿಸಿ, ಆ ದಾಖಲೆಗಳನ್ನು ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಇಡಿಸಿತು. ಕಟ್ಟಡಗಳಿಗೂ ಸೇತುವೆಗಳಿಗೂ ಸಲ್ಲುತ್ತಿದ್ದ ಈ ಕ್ರಮ ಒಂದು ಕಾರಿಗೆ ಸಂದುದು ಅದೇ ಮೊದಲು.

ಇಲ್ಲಿ ಕಾರು ಇದ್ದಂತೆಯೇ ಉಳಿಯಿತು. ವಿದ್ವಾಂಸನ ನಿರ್ಣಯ ಬೇರೆ ಕಾಗದದ ಮೇಲೆ ಉಳಿಯಿತು. ನಾವು ಮೇಲೆ ಬಯಸಿದುದೂ ಇಷ್ಟೇ. ಎಲ್ಲ ಕಾರುಗಳಿಗೂ ಸರ್ಕಾರದ ನೆರವು ದೊರೆಯದು. ಆದರೆ ಯಾವ ಜೀರ್ಣೋದ್ಧಾರಕನೂ ಮೊದಲ ಮೊಳೆಯನ್ನು ಸಡಿಲಿಸುವುದಕ್ಕೆ ಮುನ್ನ ಇದ್ದ ಸ್ಥಿತಿಯನ್ನು ಚಿತ್ರಗಳಿಂದಲೂ ಅಳತೆಗಳಿಂದಲೂ ದಾಖಲಿಸಿ, ತೆಗೆದ ಭಾಗಗಳನ್ನು ಎಸೆಯದೆ ಗುರುತು ಹಾಕಿ ಇಡಬಲ್ಲನು. ನೋಂದಣಿ ಗ್ರಂಥಗಳನ್ನು ಪ್ರಕಟಿಸುವ ಸಂಘಗಳು ಮಾಲೀಕರ ಹೆಸರುಗಳ ಪಕ್ಕದಲ್ಲಿ ದುಡಿದವರ ನೆನಪುಗಳಿಗೂ ಒಂದು ಅಂಕಣವನ್ನು ತೆರೆಯಬಲ್ಲವು. ಇಷ್ಟನ್ನು ಮಾಡಿದರೆ ಹವ್ಯಾಸಿಗಳ ಈ ಸಂಶೋಧನೆ ಸಂಖ್ಯೆಗಳ ಹೊಂದಾಣಿಕೆಯನ್ನು ದಾಟಿ ನಿಜವಾದ ಚರಿತ್ರೆಯಾದೀತು. ಅದಕ್ಕೆ ಬೇಕಾದ ತಾಳ್ಮೆಯೂ ಸೂಕ್ಷ್ಮದೃಷ್ಟಿಯೂ ಅವರಲ್ಲಿ ಈಗಾಗಲೇ ಇವೆ.